ದೊಡ್ಡಮ್ಮ ಸ್ವಿಚ್ ಆರಿಸಿದರೆ ಫೋನು ಯಾಕೆ ಸಾಯುತ್ತದೆ?

ಹೋದ ಏಪ್ರಿಲ್‌ನಲ್ಲಿ, ಗುಡುಗು ಮಳೆ ಶುರುವಾಗುವ ಹೊತ್ತಿಗೆ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಹೊಸ ಕಾಯಿಲೆ ಬಂತು. ಸಂಜೆಯಾದರೆ ಸಾಯುತ್ತಿತ್ತು. ಬೆಳಗ್ಗೆ ಮತ್ತೆ ಜೀವ. ತಾಮ್ರದ ತಂತಿ ತೆಗೆದು ಫೈಬರ್ ಹಾಕಿಸಿ ಆಗಿನ್ನೂ ಎರಡು ತಿಂಗಳು. "ಇದು ಸರಿ ಇಲ್ಲ ಕಣೋ, ಹಳೇದೇ ಚೆನ್ನಾಗಿತ್ತು" ಅಂತ ದೊಡ್ಡಮ್ಮನ ದೂರು.

ಊರಿಗೆ ಹೋದಾಗ ಕಾರಣ ಗೊತ್ತಾಯಿತು. ದೂರದಲ್ಲಿ ಒಂದು ಗುಡುಗು ಕೇಳಿದರೆ ಸಾಕು, ದೊಡ್ಡಮ್ಮ ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತಾ ಬರುತ್ತಾರೆ. ಟಿವಿ, ಫ್ರಿಜ್, ಮಿಕ್ಸಿ, ಕೊನೆಗೆ ಫೈಬರ್‌ನವರು ಜಗಲಿ ಗೋಡೆಗೆ ಹಾಕಿಹೋದ ಬಿಳಿ ಡಬ್ಬಿ. ನಲವತ್ತು ವರ್ಷದ ಅಭ್ಯಾಸ, ಒಳ್ಳೆಯ ಅಭ್ಯಾಸವೇ. ಸಿಡಿಲಿಗೆ ಟಿವಿ ಸುಟ್ಟುಕೊಂಡ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಆದರೆ ಆ ಬಿಳಿ ಡಬ್ಬಿಯೇ ಈಗ ಫೋನು. ಅದರ ಪಕ್ಕ ಸ್ಟೂಲಿನ ಮೇಲಿರುವ ಕೆಂಪು ಫೋನು ಬರೀ ಮಾತಾಡುವ ಹಿಡಿಕೆ ಅಷ್ಟೇ.

"ಹಳೇ ಫೋನಿಗೆ ಕರೆಂಟೇ ಬೇಕಿರಲಿಲ್ಲ ಅಲ್ವಾ?" ಅಂತ ಅವರು ಕೇಳಿದರು. ಬೇಕಿತ್ತು. ಅದು ನಮ್ಮ ಮೀಟರಿನಲ್ಲಿ ಓಡುತ್ತಿರಲಿಲ್ಲ, ಅಷ್ಟೇ.

ಹಳೇ ಲ್ಯಾಂಡ್‌ಲೈನಿನಲ್ಲಿ ಮಾತು ಬರುತ್ತಿದ್ದ ಎರಡೆಳೆ ತಂತಿಯಲ್ಲೇ ಕರೆಂಟೂ ಬರುತ್ತಿತ್ತು. ಊರಿನ ಫೋನ್ ಲೈನುಗಳೆಲ್ಲ ಹೋಗಿ ಸೇರುವ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಕೋಣೆ ಅಂತ ಒಂದಿರುತ್ತದೆ. ಎರಡೆರಡು ವೋಲ್ಟಿನ 24 ದೊಡ್ಡ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್. ಊರಿನ ಎಲ್ಲ ಫೋನುಗಳಿಗೂ ಅದೇ ಆಹಾರ. ಗಂಟೆ ಬಾರಿಸಲು ಮಾತ್ರ ಬೇರೆ ಕರೆಂಟು, ಸುಮಾರು 75 ವೋಲ್ಟಿನದು. ರಿಂಗಾಗುವಾಗ ಬಿಚ್ಚಿದ ತಂತಿ ಮುಟ್ಟಿ ಕೈ ಜುಮ್ ಅನಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಕರೆಂಟು ಹೋದರೆ ಬ್ಯಾಟರಿ, ಅದೂ ಇಳಿದರೆ ಡೀಸೆಲ್ ಜನರೇಟರು. ಅಂದರೆ ಫೋನು ಬದುಕಿಸುವ ಜವಾಬ್ದಾರಿ ಪೂರ್ತಿ ಎಕ್ಸ್‌ಚೇಂಜಿನದು. ನಾವು ರಿಸೀವರ್ ಎತ್ತಿದರೆ ಮುಗಿಯಿತು.

ಫೈಬರ್ ಎಂದರೆ ಗಾಜಿನ ಎಳೆ. ಗಾಜಿನಲ್ಲಿ ಬೆಳಕು ಹರಿಯುತ್ತದೆ, ಕರೆಂಟು ಹರಿಯುವುದಿಲ್ಲ. ಹಾಗಾಗಿ ಬೆಳಕನ್ನು ಮಾತಾಗಿಸುವ ಡಬ್ಬಿಗೆ ಮನೆಯಿಂದಲೇ 12 ವೋಲ್ಟ್ ಕೊಡಬೇಕು. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆ ಈಗ ನಮ್ಮ ಜಗಲಿಗೆ ಬಂದು ಕೂತಿದೆ, ಆದರೆ ಬ್ಯಾಟರಿ ಇಲ್ಲದೆ! ಮನೆ ಫೋನನ್ನು ಇಂಟರ್ನೆಟ್ಟಿಗೆ ಬದಲಿಸುವವರಿಗೆ ಸ್ಪೀಡು, ಫ್ರೀ ಕಾಲ್, ಓಟಿಟಿ ಅಂತ ಎಲ್ಲ ಹೇಳುತ್ತಾರೆ. ಈ ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ.

ಡಬ್ಬಿಯೊಳಗೆ ಆಗುವ ಕೆಲಸ ಇಷ್ಟು. ನಮ್ಮ ಮಾತನ್ನು ಸೆಕೆಂಡಿಗೆ ಸುಮಾರು 50 ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಅಂಟಿಸಿ ಕಳಿಸುತ್ತದೆ. ಆ ಕಡೆ ಇನ್ನೊಂದು ಯಂತ್ರ ಅವನ್ನು ಸಾಲಾಗಿ ಜೋಡಿಸಿ ಮತ್ತೆ ದನಿ ಮಾಡುತ್ತದೆ. ಒಂದು ಕಾಲಿಗೆ ಬೇಕಾಗುವುದು ಸೆಕೆಂಡಿಗೆ ನೂರು ಕಿಲೋಬಿಟ್ಟಿಗಿಂತ ಕಡಿಮೆ. ಮೊಮ್ಮಗ ಪಕ್ಕದ ಕೋಣೆಯಲ್ಲಿ ನೋಡುವ ಕ್ರಿಕೆಟ್ ಮ್ಯಾಚಿನ ಮುಂದೆ ಇದು ಯಾವ ಲೆಕ್ಕ? ಜೊತೆಗೆ, ಫೈಬರ್ ಕಂಪನಿಯೇ ಕೊಡುವ ಫೋನಿನ ಮಾತು ಅವರದೇ ಜಾಲದಲ್ಲಿ ಪ್ರತ್ಯೇಕ ದಾರಿಯಲ್ಲಿ, ಆದ್ಯತೆಯ ಮೇಲೆ ಹೋಗುತ್ತದೆ. ವಾಟ್ಸಾಪ್ ಕಾಲಿನ ಹಾಗೆ ಸಂತೆಯೊಳಗೆ ನುಗ್ಗಿ ದಾರಿ ಮಾಡಿಕೊಳ್ಳಬೇಕಿಲ್ಲ. ಅದಕ್ಕೇ ದನಿ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ತಾಮ್ರದ ಜಾಯಿಂಟಿಗೆ ನೀರಿಳಿದು ಬರುತ್ತಿದ್ದ ಆ ಕರಕರ ಸದ್ದು, ಇನ್ಯಾರದೋ ಮಾತು ನಡುವೆ ನುಸುಳುವುದು, ಇದೆಲ್ಲ ಹೋಯಿತು. ದೊಡ್ಡಮ್ಮ ಕೂಡ ಇದನ್ನು ಒಪ್ಪುತ್ತಾರೆ, ಗೊಣಗುತ್ತಲೇ.

ಹಾಗಾದರೆ ಸುಮ್ನೆ ಹಳೇದನ್ನೇ ಇಟ್ಟುಕೊಳ್ಳಬಹುದಿತ್ತಲ್ಲ ಅನ್ನುವವರಿದ್ದಾರೆ. ಇಟ್ಟುಕೊಳ್ಳುವುದಕ್ಕೆ ಅದು ಉಳಿಯಬೇಕಲ್ಲ.

ತಾಮ್ರದ ಫೋನಿಗೂ ಕರ್ನಾಟಕಕ್ಕೂ ಹಳೇ ನಂಟು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಶುರುವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಅಂತಲೇ ಹೆಸರು. ದೇಶದ ಮನೆಮನೆಯಲ್ಲಿದ್ದ ಆ ಭಾರದ ಕಪ್ಪು ಫೋನುಗಳು ಅಲ್ಲಿಂದ ಬಂದವು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗಂತ ತಯಾರಿಸಿದ ಪುಟ್ಟ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಎಸಿ ಬೇಡ, ಧೂಳಿಗೆ ಹೆದರುವುದಿಲ್ಲ, 128 ಲೈನಿನ ಸಾಮರ್ಥ್ಯ. ಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಎಸ್‌ಟಿಡಿ ಬೂತಿನ ಹಳದಿ ಬೋರ್ಡು ಬಂದದ್ದು ಇಂಥ ಎಕ್ಸ್‌ಚೇಂಜುಗಳ ಬೆನ್ನಿಗೇ.

2005ರ ಹೊತ್ತಿಗೆ ದೇಶದಲ್ಲಿ ಲ್ಯಾಂಡ್‌ಲೈನುಗಳು ಐದು ಕೋಟಿಯ ಹತ್ತಿರ ಇದ್ದವು. ಮೊಬೈಲು ಅಗ್ಗವಾಗುತ್ತಾ ಹೋದಂತೆ 2020ರ ವೇಳೆಗೆ ಎರಡು ಕೋಟಿಗೆ ಇಳಿದವು. ಆಮೇಲೆ ಮತ್ತೆ ಏರಿ 2024ರಲ್ಲಿ ಮೂರೂವರೆ ಕೋಟಿ ದಾಟಿದವು. ಜನಕ್ಕೆ ಲ್ಯಾಂಡ್‌ಲೈನ್ ಮೇಲೆ ಪ್ರೀತಿ ಮರಳಿ ಬಂತು ಅಂದುಕೊಳ್ಳಬೇಡಿ. ಕೊರೋನಾ ಕಾಲದಲ್ಲಿ ಎಲ್ಲರೂ ಫೈಬರ್ ಹಾಕಿಸಿದರು, ಅದರ ಜೊತೆ ಒಂದು ನಂಬರು ಪುಕ್ಕಟೆ ಬಂತು. ಎಷ್ಟೋ ಮನೆಗಳಲ್ಲಿ ಆ ನಂಬರಿಗೆ ಫೋನೇ ಸಿಕ್ಕಿಸಿಲ್ಲ. ನಂಬರು ಏನೆಂದು ಮನೆಯವರಿಗೇ ಗೊತ್ತಿಲ್ಲ. 2022ರ ಆಗಸ್ಟಿನಲ್ಲಿ ಜಿಯೋ 73 ಲಕ್ಷಕ್ಕೂ ಹೆಚ್ಚು ಸ್ಥಿರ ಫೋನುಗಳೊಂದಿಗೆ ಬಿಎಸ್‌ಎನ್‌ಎಲ್ ಅನ್ನು ಹಿಂದೆ ಹಾಕಿತು. ಒಂದಡಿ ತಾಮ್ರ ಎಳೆಯದ ಕಂಪನಿ ದೇಶದ ಅತಿ ದೊಡ್ಡ ಲ್ಯಾಂಡ್‌ಲೈನ್ ಕಂಪನಿ ಆಯಿತು!

ತಾಮ್ರದ ಕಡೆ ನೋಡಿಕೊಳ್ಳುವ ಕೈಗಳೂ ಕಡಿಮೆಯಾದವು. 2020ರ ಜನವರಿ ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಬಿಎಸ್‌ಎನ್‌ಎಲ್‌ನಿಂದ ಹೊರಬಂದವರು 78 ಸಾವಿರಕ್ಕೂ ಹೆಚ್ಚು. ರಸ್ತೆ ಬದಿಯ ಯಾವ ಪಿಲ್ಲರಿನ (ತಂತಿ ಪೆಟ್ಟಿಗೆಯ) ಯಾವ ಜೋಡಿ ತಂತಿ ಯಾರ ಮನೆಗೆ ಹೋಗುತ್ತದೆ ಎನ್ನುವುದು ಹಳೇ ಲೈನ್‌ಮ್ಯಾನ್‌ಗಳ ತಲೆಯಲ್ಲಿತ್ತು. ಅವರ ಜೊತೆ ಅದೂ ಮನೆಗೆ ಹೋಯಿತು. ಇನ್ನೊಂದು ಕಡೆಯಿಂದ ತಾಮ್ರ ಕದಿಯುವವರು, ರಸ್ತೆ ಅಗಲ ಮಾಡುವ ಜೆಸಿಬಿಗಳು. ಈ ಸ್ಥಿತಿಯಲ್ಲಿ ತಾಮ್ರದ ಲೈನು ಇಟ್ಟುಕೊಳ್ಳುತ್ತೇನೆ ಅನ್ನುವುದು ಹಟ ಆದೀತೇ ಹೊರತು ವ್ಯವಸ್ಥೆ ಆಗಲಾರದು.

ಇಂಗ್ಲೆಂಡಿನಲ್ಲಂತೂ ತಾಮ್ರದ ಫೋನು ವ್ಯವಸ್ಥೆಯನ್ನೇ ಪೂರ್ತಿ ಮುಚ್ಚುತ್ತಿದ್ದಾರೆ. 2025ರ ಡಿಸೆಂಬರಿಗೆ ಮುಗಿಸುವ ಲೆಕ್ಕವಿತ್ತು, ಆಮೇಲೆ 2027ರ ಜನವರಿಗೆ ಮುಂದೆ ಹಾಕಿದರು. ಅಲ್ಲಿ ಒಂಟಿಯಾಗಿರುವ ಲಕ್ಷಾಂತರ ವಯಸ್ಸಾದವರ ಕೊರಳಲ್ಲಿ ಒಂದು ಗುಂಡಿ ಇರುತ್ತದೆ. ಬಿದ್ದರೆ ಒತ್ತಬೇಕು, ಲ್ಯಾಂಡ್‌ಲೈನ್ ಮೂಲಕ ಸಹಾಯ ಕೇಂದ್ರಕ್ಕೆ ಕರೆ ಹೋಗುತ್ತದೆ. ಹೊಸ ಲೈನಿಗೆ ಬದಲಿಸಿದ ಮೇಲೆ ಕೆಲವರ ಗುಂಡಿ ಕೆಲಸ ಮಾಡಲಿಲ್ಲ. 2023ರ ಕೊನೆಯಲ್ಲಿ ಸರ್ಕಾರ ಮಧ್ಯೆ ಬಂದು, ಒತ್ತಾಯದ ಬದಲಾವಣೆಯನ್ನು ಕಂಪನಿಗಳು ನಿಲ್ಲಿಸಬೇಕಾಯಿತು. ಕರೆಂಟು ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡುವ ವ್ಯವಸ್ಥೆ ಬೇಕಾದವರಿಗೆ ಇರಬೇಕು ಅಂತ ಅಲ್ಲಿನ ನಿಯಂತ್ರಕರು ಹೇಳಿದ್ದಾರೆ. ಒಂದು ಗಂಟೆ! ಆಗುಂಬೆ ಕಡೆ ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ ಒಂದು ಗಂಟೆ ಅನ್ನುವುದು ಲೈನ್‌ಮ್ಯಾನ್ ಚಹಾ ಕುಡಿಯುವ ಸಮಯ.

ಇನ್ನು ನಮ್ಮಲ್ಲಿ ಬದಲಿಸುವುದಾದರೆ ಯಾವ ಕಂಪನಿಗೆ? ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಪ್ರಶ್ನೆ ಸ್ವಲ್ಪ ವಿಚಿತ್ರ ಅನಿಸಬಹುದು. ಅಲ್ಲಿ ಇಂಟರ್ನೆಟ್ ಒಬ್ಬರದ್ದು, ಫೋನು ಇನ್ನೊಬ್ಬರದ್ದು ಮಾಡಿಕೊಳ್ಳುವುದು ಮಾಮೂಲು. 2009ರಲ್ಲಿ ವೊನೇಜ್ ಎನ್ನುವ ಇಂಟರ್ನೆಟ್ ಫೋನ್ ಕಂಪನಿ ತಿಂಗಳಿಗೆ 25 ಡಾಲರಿಗೆ ಭಾರತವೂ ಸೇರಿ 60ಕ್ಕೂ ಹೆಚ್ಚು ದೇಶಗಳಿಗೆ ಎಷ್ಟು ಬೇಕಾದರೂ ಮಾತಾಡಿ ಅಂದಾಗ, ಕಾಲಿಂಗ್ ಕಾರ್ಡು ಕೆರೆದು ಹತ್ತಾರು ಅಂಕಿ ಒತ್ತುತ್ತಿದ್ದ ನಮ್ಮವರಿಗೆ ಹಬ್ಬ. ಅತ್ತೆ ಮನೆಗೂ ತವರಿಗೂ ದಿನಾ ಕಾಲ್. ಭಾರತದಲ್ಲಿ ಆ ಥರದ ಕಂಪನಿ ಮನೆಗಳಿಗೆ ಬರಲೇ ಇಲ್ಲ. ಇಂಟರ್ನೆಟ್ಟಿನಿಂದ ನಮ್ಮ ದೇಶದ ಮಾಮೂಲಿ ಫೋನ್ ನಂಬರಿಗೆ ಕರೆ ಮಾಡಿಸುವವರಿಗೆ ಟೆಲಿಕಾಂ ಲೈಸೆನ್ಸ್ ಬೇಕು. ಸ್ಕೈಪ್ ಕೂಡ 2014ರ ನವೆಂಬರಿನಲ್ಲಿ ಭಾರತದೊಳಗಿಂದ ಭಾರತದ ಫೋನುಗಳಿಗೆ ಕರೆ ಮಾಡುವುದನ್ನು ನಿಲ್ಲಿಸಿತು. 2025ರ ಮೇನಲ್ಲಿ ಸ್ಕೈಪೇ ಮುಚ್ಚಿತು ಬಿಡಿ. 2018ರಲ್ಲಿ ಸರ್ಕಾರ ನಿಯಮ ಸಡಿಲ ಮಾಡಿದ ಮೇಲೆ ಬಿಎಸ್‌ಎನ್‌ಎಲ್ 'ವಿಂಗ್ಸ್' ಅಂತ ಆ್ಯಪ್ ಫೋನು ತಂದಿತು. ಲೈಸೆನ್ಸ್ ಇರುವ ಕಂಪನಿಗಳು ಮಾತ್ರ ಹೀಗೆ ಮಾಡಬಹುದು. ಹಾಗಾಗಿ ನಮ್ಮಲ್ಲಿ ಇಂಟರ್ನೆಟ್ ಫೋನು ಅಂದರೆ ಸಾಮಾನ್ಯವಾಗಿ ಫೈಬರ್ ಕೊಡುವ ಕಂಪನಿಯೇ ಕೊಡುವ ಫೋನು.

ಇಲ್ಲೊಂದು ಗಂಟಿದೆ, ನಂಬರಿನದು. ಮೊಬೈಲಿನಲ್ಲಿ 2011ರಿಂದ ದೇಶದೆಲ್ಲೆಡೆ ನಂಬರು ಉಳಿಸಿಕೊಂಡು ಕಂಪನಿ ಬದಲಿಸಬಹುದು. ಲ್ಯಾಂಡ್‌ಲೈನಿಗೆ ಆ ಸೌಲಭ್ಯ ಇಲ್ಲ. ಬೆಂಗಳೂರಿನಲ್ಲಿ 080 ಆದ ಮೇಲೆ 2 ಬಂದರೆ ಬಿಎಸ್‌ಎನ್‌ಎಲ್, 4 ಬಂದರೆ ಏರ್‌ಟೆಲ್ ಅಂತ ನಂಬರಿನ ಹಣೆಯಲ್ಲೇ ಬರೆದಿದೆ. ಬಿಎಸ್‌ಎನ್‌ಎಲ್ ತಾಮ್ರದಿಂದ ಬಿಎಸ್‌ಎನ್‌ಎಲ್ ಫೈಬರಿಗೇ ಹೋದರೆ ಹಳೇ ನಂಬರು ಉಳಿಸಿಕೊಳ್ಳಬಹುದು, ಅರ್ಜಿ ಕೊಡುವಾಗಲೇ ಕೇಳಬೇಕು. ಬೇರೆ ಕಂಪನಿಗೆ ಹೋದರೆ ಹೊಸ ನಂಬರು. ಮದುವೆ ಪತ್ರಿಕೆಯಲ್ಲಿ, ಗ್ಯಾಸ್ ಪುಸ್ತಕದಲ್ಲಿ, ದೂರದ ನೆಂಟರ ಡೈರಿಯಲ್ಲಿ ಇರುವ ನಂಬರು ಅಲ್ಲಿಗೆ ಮುಗಿಯಿತು.

ಇದು ಬರೀ ಭಾವುಕತೆಯ ಮಾತು ಅಂತ ತಳ್ಳಿಹಾಕುವ ಹಾಗಿಲ್ಲ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯನ್ನೋ ಊರಿನ ಗೊಬ್ಬರದ ಅಂಗಡಿಯನ್ನೋ ತೆಗೆದುಕೊಳ್ಳಿ. ಮೂವತ್ತು ವರ್ಷದಿಂದ ಬೋರ್ಡಿನ ಮೇಲಿರುವ ನಂಬರೇ ಅವರ ವ್ಯಾಪಾರ. ಅದೇ ಲ್ಯಾಂಡ್‌ಲೈನ್ ನಂಬರನ್ನು ವಾಟ್ಸಾಪ್ ಬಿಸಿನೆಸ್‌ಗೂ ಹಾಕಬಹುದು. ಎಸ್‌ಎಂಎಸ್ ಬದಲು ಕಾಲ್ ಮಾಡಿ ಕೋಡ್ ಹೇಳುವಂತೆ ಆರಿಸಿಕೊಂಡರೆ ಆಯಿತು. ಆಮೇಲೆ ಆರ್ಡರು ಮೊಬೈಲಿಗೆ ಬರುತ್ತದೆ, ನಂಬರು ಬೋರ್ಡಿನದ್ದೇ. ಇಂಥವರು ನಂಬರು ಉಳಿಯುವ ದಾರಿಯನ್ನೇ ಹಿಡಿಯಬೇಕು, ಸ್ಪೀಡು ಒಂದಿಷ್ಟು ಕಡಿಮೆ ಬಂದರೂ ಚಿಂತೆಯಿಲ್ಲ.

ಮನೆಯೊಳಗಿನ ತೊಡಕುಗಳು ಸಣ್ಣವು, ಆದರೆ ಕಾಟ ಜಾಸ್ತಿ. ಫೈಬರ್ ಹಾಕುವ ಹುಡುಗರು ಡಬ್ಬಿಯನ್ನು ತಮಗೆ ಅನುಕೂಲವಾದ ಗೋಡೆಗೆ ಹೊಡೆದು ಹೋಗುತ್ತಾರೆ. ಫೋನು ಇರುವುದು ಇನ್ನೆಲ್ಲೋ. ಮಹಡಿಯ ಮೇಲೆ ಇನ್ನೊಂದು ಪ್ಯಾರಲಲ್ ಫೋನು ಇದ್ದರೆ, ಹಳೇ ಮನೆ ವೈರಿಂಗನ್ನೇ ಡಬ್ಬಿಯ ಫೋನ್ ತೂತಿಗೆ ಜೋಡಿಸಬಹುದು. ಮೊದಲು ಹೊರಗಿನಿಂದ ಬರುವ ತಾಮ್ರದ ಜೋಡಿಯನ್ನು ಬಿಚ್ಚಿರಬೇಕು, ಮರೆಯಬೇಡಿ. ಇನ್ನು ತಿರುಗಿಸುವ ಡಯಲಿನ ಹಳೇ ಐಟಿಐ ಫೋನು. ಬಂದ ಕಾಲು ತೆಗೆದುಕೊಳ್ಳುತ್ತದೆ. ಆದರೆ ಡಯಲ್ ತಿರುಗಿಸಿದಾಗ ಬರುವ ಟಿಕ್ ಟಿಕ್ ಭಾಷೆ ಹೆಚ್ಚಿನ ಡಬ್ಬಿಗಳಿಗೆ ಅರ್ಥವಾಗುವುದಿಲ್ಲ, ಅವಕ್ಕೆ ಬಟನ್ನಿನ ಸ್ವರವೇ ಬೇಕು. ಅದರ ಗಂಟೆಯನ್ನು ಜೋರಾಗಿ ಬಾರಿಸುವಷ್ಟು ಶಕ್ತಿಯೂ ಕೆಲವು ಡಬ್ಬಿಗಳಿಗಿಲ್ಲ. ನಮ್ಮ ಮನೆಯ ಕಪ್ಪು ಫೋನು ಈಗ ಶೋಕೇಸಿನಲ್ಲಿದೆ.

ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕೆನ್ನುವ 2021ರ ನಿಯಮ ಫೈಬರ್ ಫೋನಿಗೂ ಇದೆ. ಎಷ್ಟೋ ಸಲ 'ಹೊಸ ಫೋನಿಂದ ಕಾಲೇ ಹೋಗ್ತಿಲ್ಲ' ಅನ್ನುವ ದೂರಿನ ಹಿಂದೆ ಈ ಸೊನ್ನೆ ಇರುತ್ತದೆ.

ರಿಪೇರಿ ವಿಷಯ ಬೇರೆಯೇ. ತಾಮ್ರ ತುಂಡಾದರೆ ಲೈನ್‌ಮ್ಯಾನ್ ಹಲ್ಲಲ್ಲಿ ಸಿಪ್ಪೆ ಸುಲಿದು, ತಿರುಚಿ, ಪ್ಲಾಸ್ಟಿಕ್ ಸುತ್ತಿ ಹೋಗುತ್ತಿದ್ದ. ಗಾಜಿನ ಎಳೆ ಕೂದಲಿಗಿಂತ ಸ್ವಲ್ಪ ದಪ್ಪ, ಅದರೊಳಗೆ ಬೆಳಕು ಹೋಗುವ ದಾರಿ ಬರೀ 9 ಮೈಕ್ರಾನ್. ಎರಡು ತುದಿಗಳನ್ನು ಕನ್ನಡಿಯಂತೆ ಕತ್ತರಿಸಿ, ಎದುರುಬದುರು ಇಟ್ಟು, ಕಿಡಿಯಲ್ಲಿ ಬೆಸೆಯುವ ದುಬಾರಿ ಯಂತ್ರ ಬೇಕು. ಆ ಯಂತ್ರ ಇರುವ ಹುಡುಗ ಹೋಬಳಿಗೊಬ್ಬ ಇದ್ದರೆ ಪುಣ್ಯ. ನಮ್ಮೂರಲ್ಲಿ ಫೈಬರ್ ಬಂದಿರುವುದು ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು. ಸೋಗೆ ಬೀಳುತ್ತದೆ, ಮಂಗ ಜೋತಾಡುತ್ತದೆ. ಹೋದ ಜೂನ್‌ನಲ್ಲಿ ಡಬ್ಬಿಯ ಮೇಲೆ ಕೆಂಪು ದೀಪ ಮಿಣಮಿಣ ಅಂದಿತು. ಬೆಳಕು ಬರುತ್ತಿಲ್ಲ, ಎಲ್ಲೋ ಎಳೆ ತುಂಡಾಗಿದೆ ಅಂತ ಅದರ ಅರ್ಥ. ಮೂರು ದಿನ ಫೋನಿಲ್ಲ. ಆದರೆ ತಾಮ್ರದ ಕಾಲದಲ್ಲಿ ನಾವು ಮೂರು ವಾರ ಕಾದದ್ದೂ ಇದೆ. ಆಗ ತಪ್ಪು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ಕೆಂಪು ದೀಪ ನೋಡಿ ದೊಡ್ಡಮ್ಮನೇ ಹೇಳುತ್ತಾರೆ.

ಗಾಜಿಗೆ ಒಂದು ದೊಡ್ಡ ಗುಣವಿದೆ, ಸಿಡಿಲು ಅದರೊಳಗೆ ಹರಿದು ಬರುವುದಿಲ್ಲ. ತಾಮ್ರದ ತಂತಿ ಮೈಲುಗಟ್ಟಲೆ ಕಂಬದ ಮೇಲೆ ಹೋಗಿ ಸಿಡಿಲನ್ನು ಮನೆಯೊಳಗೇ ಕರೆತರುತ್ತಿತ್ತು. ಈಗ ಅಪಾಯ ಉಳಿದಿರುವುದು ಹೆಚ್ಚಾಗಿ ಕರೆಂಟಿನ ಪ್ಲಗ್ಗಿನ ಕಡೆಯಿಂದ. ಅಂದರೆ ದೊಡ್ಡಮ್ಮನ ಸ್ವಿಚ್ ಆರಿಸುವ ಕೆಲಸ ಈಗಲೂ ಸರಿ. ಡಬ್ಬಿಗೆ ಬೇರೆ ಊಟ ಬೇಕು, ಅಷ್ಟೇ.

ಅದಕ್ಕೆ ಮಿನಿ ಯುಪಿಎಸ್ ಅಂತ ಪುಟ್ಟ ಬ್ಯಾಟರಿ ಪೆಟ್ಟಿಗೆ ಸಿಗುತ್ತದೆ. ಸಾವಿರದಿಂದ ಎರಡು ಸಾವಿರ ರೂಪಾಯಿ, ಅಂಗೈ ಅಗಲ. ಕೊಳ್ಳುವಾಗ ಎರಡು ನೋಡಿ. ಡಬ್ಬಿಯ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪ್ ಅಥವಾ 1.5 ಆಂಪ್ ಅಂತ ಬರೆದಿರುತ್ತದೆ, ಯುಪಿಎಸ್ ಅಷ್ಟನ್ನು ಕೊಡಬೇಕು. ಎರಡನೆಯದು ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅನ್ನುವುದು. ಡಬ್ಬಿ ಸುಮಾರು 8 ವ್ಯಾಟ್ ತಿನ್ನುತ್ತದೆ ಅಂದುಕೊಳ್ಳಿ, 32 ವ್ಯಾಟ್-ಅವರ್ ಬ್ಯಾಟರಿ ಕಾಗದದ ಮೇಲೆ ನಾಲ್ಕು ಗಂಟೆ, ನಿಜದಲ್ಲಿ ಮೂರು. ಪ್ಯಾಕೆಟ್ಟಿನ ಮೇಲೆ ಬರೀ 'ಎಂಟು ಗಂಟೆ' ಅಂತ ಬರೆದಿದ್ದರೆ ನಂಬಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಇದೂ ಬೇಡ, ಡಬ್ಬಿಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದರೆ ಸಾಕು. ಎಲೆಕ್ಟ್ರಿಷಿಯನ್‌ಗೆ ಅರ್ಧ ಗಂಟೆ ಕೆಲಸ. ಹಾಕಿಸಿದ ದಿನವೇ ಮೇನ್ ಸ್ವಿಚ್ ಇಳಿಸಿ ಒಂದು ಕಾಲ್ ಮಾಡಿ ನೋಡಿ. ಹೀಗೆ ಪರೀಕ್ಷೆ ಮಾಡಿದವರು ಕಡಿಮೆ.

ಡಬ್ಬಿಗೆ ಕರೆಂಟು ಕೊಟ್ಟರೂ ಆ ಕಡೆ ಪೇಟೆಯಲ್ಲಿರುವ ಫೈಬರ್ ಆಪರೇಟರ್ ಉಪಕರಣಕ್ಕೆ ಬ್ಯಾಟರಿ ಇರಬೇಕು. ಅದು ನಮ್ಮ ಕೈಯಲ್ಲಿಲ್ಲ. ಸೇರುವ ಮೊದಲೇ ಕೇಳಬಹುದು, 'ನಿಮ್ಮ ಕಡೆ ಕರೆಂಟು ಹೋದರೆ ಎಷ್ಟು ಹೊತ್ತು ನಿಲ್ಲುತ್ತೆ?' ಅಂತ. ಉತ್ತರ ತಡವರಿಸಿದರೆ ಅದೂ ಒಂದು ಉತ್ತರವೇ.

ಖರ್ಚಿನ ಲೆಕ್ಕ ಹೇಳಿ ಮುಗಿಸುತ್ತೇನೆ. ನಮ್ಮ ತಾಮ್ರದ ಬಿಲ್ಲು ತಿಂಗಳಿಗೆ ಇನ್ನೂರರ ಆಸುಪಾಸು ಇತ್ತು. ಫೈಬರ್ ಸಣ್ಣ ಪ್ಲಾನು 400ರಿಂದ 500, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಮನೆಯಲ್ಲಿ ಯಾರಾದರೂ ಇಂಟರ್ನೆಟ್ ಬಳಸುತ್ತಾರಾದರೆ ಇದು ಅಗ್ಗ, ಎರಡನೇ ಯೋಚನೆ ಬೇಡ. ಒಬ್ಬರೇ ವಯಸ್ಸಾದವರು, ಬರೀ ಫೋನಿಗೆ ಅಂದರೆ ದುಬಾರಿಯೇ. ಅಂಥ ಮನೆಯಲ್ಲಿ ಮೊಬೈಲ್ ಸಿಗ್ನಲ್ ಚೆನ್ನಾಗಿದ್ದರೆ ದೊಡ್ಡ ಗುಂಡಿಯ ಬೇಸಿಕ್ ಮೊಬೈಲು ಮೇಲು ಅಂತ ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ಹಲಸಿನ ಮರದ ಕೆಳಗೆ ಮಾತ್ರ. ಎಪ್ಪತ್ತೆರಡರ ದೊಡ್ಡಮ್ಮ ಮಳೆಯಲ್ಲಿ ಅಲ್ಲಿಗೆ ಹೋಗುವುದು ಬೇಡ ಅಂತಲೇ ಫೈಬರ್ ಹಾಕಿಸಿದ್ದು. ಹಾಂ, ಹಳೇ ಲೈನು ಮುಚ್ಚುವವರು ಡಿಪಾಸಿಟ್ ವಾಪಸ್ ಕೇಳಿ. ಅಜ್ಜನ ಹೆಸರಲ್ಲೇ ಲೈನು ಇದ್ದರೆ ಮೊದಲು ಹೆಸರು ಬದಲಾವಣೆ ಮಾಡಿಸಿ, ಇಲ್ಲದಿದ್ದರೆ ಆಮೇಲೆ ಓಡಾಟ ಜಾಸ್ತಿ.

ಈಗ ನಮ್ಮ ಜಗಲಿಯಲ್ಲಿ ಮಿನಿ ಯುಪಿಎಸ್ ಇದೆ. ಗುಡುಗಿದರೆ ದೊಡ್ಡಮ್ಮ ಅದರ ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕೆಳಗಿಡುತ್ತಾರೆ. ಫೋನು ಬ್ಯಾಟರಿ ಮೇಲೆ ಮೂರು ಗಂಟೆ ಬದುಕಿರುತ್ತದೆ, ರಾತ್ರಿ ಎಂಟರ ನನ್ನ ಕಾಲಿಗೆ ಅಷ್ಟು ಸಾಕು. ಆದರೆ ಬೆಳಗ್ಗೆ ಪ್ಲಗ್ ವಾಪಸ್ ಹಾಕುವುದನ್ನು ಮರೆಯುತ್ತಾರೆ. ಹಾಗಾಗಿ ದಿನಾ ಏಳೂವರೆಗೆ ಲ್ಯಾಂಡ್‌ಲೈನಿಗೆ ಒಂದು ರಿಂಗ್ ಕೊಡುತ್ತೇನೆ. ಹೋಗದಿದ್ದರೆ ಪಕ್ಕದ ಮನೆಯವರಿಗೆ ಮೆಸೇಜು: "ಸ್ವಲ್ಪ ನಮ್ಮ ದೊಡ್ಡಮ್ಮನಿಗೆ ಪ್ಲಗ್ ಹಾಕೋಕೆ ಹೇಳ್ತೀರಾ?"